ಪದ ಬೇಕು (ತುರ್ತು): ಡಾಪ್ಲರ್ ವರದಿಯ “ಆಬ್ಸೆಂಟ್ ಎಂಡ್-ಡಯಾಸ್ಟಾಲಿಕ್ ಫ್ಲೋ”

ಪ್ರಿಎಕ್ಲಾಂಪ್ಸಿಯಾ (ಬಸಿರಲ್ಲಿ ರಕ್ತದೊತ್ತಡ ಏರುವ ತೊಂದರೆ) ಇರುವ ಬಸುರಿಯರಿಗೆ, ರಕ್ತದ ಹರಿವು ಅಳೆಯುವ ಡಾಪ್ಲರ್ ಸ್ಕ್ಯಾನ್ ಆದಮೇಲೆ ಕೊಡುವ ಒಂದು ಪುಟದ ಮಾಹಿತಿಪತ್ರ, ಸಂಜೆ ಅಚ್ಚಿಗೆ ಹೋಗಬೇಕು. ಗರ್ಭಕೋಶದ ಅಪಧಮನಿಯ (ಹೃದಯದಿಂದ ರಕ್ತ ಒಯ್ಯುವ ನಾಳ) ಹರಿವಿನ ಅಲೆಯಲ್ಲಿ ಕಾಣುವ ತಗ್ಗು “ನಾಚ್”, “ಪಲ್ಸಟಿಲಿಟಿ ಇಂಡೆಕ್ಸ್”, “ಔಟ್‌ಕಮ್” ಇವಕ್ಕೂ ಪದ ಬೇಕು. ತಲೆಬರಹದಲ್ಲಿರುವ, ಹೊಕ್ಕುಳಬಳ್ಳಿಯ ಹರಿವಿನ ಪದಕ್ಕೆ “ರಕ್ತಚಲನೆ ಸ್ಥಗಿತ” ಎಂದು ಹಾಕಿದ್ದೇನೆ. ಆದೀತೇ?

ಮರು:
ಆಗದು. ಸ್ಥಗಿತ ಎಂದು ಓದಿದವಳು ಮಗು ಹೋಯಿತು ಅಂದುಕೊಳ್ಳುತ್ತಾಳೆ. ಮಗುವಿನ ಹೃದಯ ಬಡಿದಾಗಲೆಲ್ಲ ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಮಾಸಿನೊಳಗಿನ (ಪ್ಲಾಸೆಂಟಾ) ತಡೆ ಏರಿದ್ದರಿಂದ ಮುಂದಿನ ಬಡಿತಕ್ಕೆ ಮುಂಚಿನ ಗಳಿಗೆಯಲ್ಲಿ ಮಾತ್ರ ಹರಿವಿಲ್ಲ. “ಬಡಿತಗಳ ನಡುವೆ ಹರಿವಿಲ್ಲ” ಎಂದು ಬರೆಯಿರಿ. “ಹಿಮ್ಮುಖ ಹರಿವು” ಇದಕ್ಕಿಂತ ಗಂಭೀರ, ಎರಡನ್ನೂ ಒಂದೇ ಪದದಡಿ ತುರುಕಬೇಡಿ. ಬೆಳವಣಿಗೆ ಕುಂಠಿತವಾದ ಮಗುವಿಗೆ ಹರಿವಿಲ್ಲದಿದ್ದರೆ ಸಾಮಾನ್ಯವಾಗಿ 33–34 ವಾರಕ್ಕೆ, ಹಿಮ್ಮುಖವಾದರೆ 30–32 ವಾರಕ್ಕೇ ಹೆರಿಗೆ ಮಾಡಿಸುತ್ತಾರೆ. ತಾಯಿಯ ಸ್ಥಿತಿ ಬಿಗಡಾಯಿಸಿದರೆ ಅದಕ್ಕೂ ಮುಂಚೆ.

ಇನ್ನೊಂದು. “ಇಲ್ಲ” ಬೇರೆ, “ಕಾಣಲಿಲ್ಲ” ಬೇರೆ. ಯಂತ್ರದ ವಾಲ್ ಫಿಲ್ಟರ್ (ನಾಳದ ಗೋಡೆಯ ಅಲುಗಾಟದ ಸದ್ದು ಸೋಸುವ ಮಿತಿ) ಜಾಸ್ತಿ ಇಟ್ಟರೆ ನಿಧಾನದ ಹರಿವು ಪರದೆಯಿಂದ ಅಳಿಸಿಹೋಗುತ್ತದೆ. ಅದನ್ನು 60 ಹರ್ಟ್ಸ್ ಮೀರದಂತೆ ಇಳಿಸಿ, ಕಿರಣಕ್ಕೂ ಹರಿವಿಗೂ ನಡುವಿನ ಕೋನ ಕಿರಿದು ಮಾಡಿ, ಮಗು ಕದಲದೆ ಉಸಿರಾಟದ ಚಲನೆಯೂ ಇಲ್ಲದಿರುವಾಗ ಬಳ್ಳಿಯ ತೇಲುವ ಭಾಗದಲ್ಲಿ ಮತ್ತೆ ಅಳೆದ ಮೇಲೆ “ಇಲ್ಲ” ಅನ್ನಬೇಕು.

ಮರು:
ನಾಚ್‌ಗೆ ಕಚ್ಚು. ಹಳಗನ್ನಡದ ಕರ್ಚು ಇದರ ಬೇರು, ಮರದಲ್ಲಿ ಹಾಕುವ ಕಚ್ಚೂ ಅದೇ. ಅಪಧಮನಿ ಯಾರ ಬಾಯಲ್ಲೂ ಇಲ್ಲ, ಸಂಸ್ಕೃತದ ಹಂಗು ಬಿಟ್ಟು “ಶುದ್ಧರಕ್ತನಾಳ” ಅನ್ನಿ. ಪಲ್ಸಟಿಲಿಟಿ ಇಂಡೆಕ್ಸ್: ಮಿಡಿತಾಂಕ.

ಮರು:
ಶುದ್ಧವೂ ರಕ್ತವೂ ಯಾವ ಭಾಷೆಯವು ಸ್ವಾಮಿ? ಪದ ಹಾಗಿರಲಿ, ಸಂಗತಿಯೇ ತಪ್ಪು. ಹೊಕ್ಕುಳಬಳ್ಳಿಯ ಎರಡು ಅಪಧಮನಿಗಳು ಮಗುವಿನಿಂದ ಮಾಸಿಗೆ ಒಯ್ಯುವುದು ಆಮ್ಲಜನಕ ಕಡಿಮೆಯಾದ ರಕ್ತವನ್ನು. ಮಗುವಿಗೆ ಆಮ್ಲಜನಕ ತರುವುದು ಅಭಿಧಮನಿ. ಮಿಡಿತಾಂಕ ಅರಿಸಮಾಸ, ಮೇಲೆ ಸವರ್ಣದೀರ್ಘ ಬೇರೆ! ಅವಳ ಕೈಯಲ್ಲಿರುವ ವರದಿಯಲ್ಲಿ “ಪಿಐ” ಎಂದೇ ಅಚ್ಚಾಗಿರುತ್ತದೆ, ಪತ್ರದಲ್ಲೂ ಅದೇ ಇರಲಿ. ಗರಿಷ್ಠ ವೇಗದಲ್ಲಿ ಬಡಿತದ ಕೊನೆಯ ವೇಗ ಕಳೆದು ಸರಾಸರಿಯಿಂದ ಭಾಗಿಸಿದ ಸಂಖ್ಯೆ ಅದು, ಅಷ್ಟೆ.

ಕಚ್ಚು ಚೆನ್ನಾಗಿದೆ. ಆದರೆ ಮೊದಲ ತಿಂಗಳುಗಳಲ್ಲಿ ಅದು ಆರೋಗ್ಯವಂತರಲ್ಲೂ ಕಾಣುತ್ತದೆ ಎಂದು ಸೇರಿಸಿ. ಎಡ-ಬಲದ ಪಿಐ ಸರಾಸರಿ ಆ ವಾರದ 95ನೇ ಶತಮಾನಕ (ನೂರರಲ್ಲಿ 95 ಮಂದಿಯ ಅಳತೆ ಇದರ ಕೆಳಗಿರುವ ಗಡಿ) ದಾಟಿದೆಯೇ ಎಂಬುದೇ ಹೆಚ್ಚು ಮುಖ್ಯ.

ಮರು:
> ಅರಿಸಮಾಸ
ಹಾಗಾದರೆ ಇಂಗ್ಲಿಷ್ ಮಾತ್ರ ಮಿತ್ರನೋ? ಎರವಲು ತರುವುದಕ್ಕೂ ಒಂದು ಮಿತಿ ಬೇಡವೇ!

ಮರು:
ಆ ಜಗಳ ಬೇರೆ ಎಳೆಯಲ್ಲಿ. ಔಟ್‌ಕಮ್‌ಗೆ “ಫಲಿತಾಂಶ” ಬೇಡ, ಪರೀಕ್ಷೆಯ ವಾಸನೆ. “ಮುಂದೇನಾಗಬಹುದು” ಸಾಕು. ಆ “ಬಹುದು” ಬಿಡಬೇಡಿ, ಸ್ಕ್ಯಾನ್ ಹೇಳುವುದು ಅಪಾಯ ಎಷ್ಟೆಂದು ಮಾತ್ರ.

ಮರು:
ಎಲ್ಲ ಹಾಕಿದೆ. ಕೊನೆಯದು: ಮಾಸು ಉಳಿಸಲೇ, ಜರಾಯು ಅನ್ನಲೇ?

ಮರು:
ಮಾಸು.