‘ಗಟ್ಟಿ’ ಯಾವುದು, ‘ಘನ’ ಯಾವುದು? ಎಸ್‌ಎಸ್‌ಡಿ ಮತ್ತು ‘ಬೂಟ್’ ಪದಗಳ ಕುರಿತು

ನಮ್ಮ ಊರಿನ ಗ್ರಂಥಾಲಯದಲ್ಲಿ ಮೂರು ಹಳೆಯ ಲ್ಯಾಪ್‌ಟಾಪ್‌ಗಳಿವೆ. ಗುಂಡಿ ಒತ್ತಿ ಹೋಗಿ ಚಹಾ ಕುಡಿದು ಬಂದರೂ ತೆರೆಯ ಮೇಲೆ ಚುಕ್ಕಿಗಳ ಉಂಗುರ ಸುತ್ತುತ್ತಲೇ ಇರುತ್ತಿತ್ತು. ಕಳೆದ ತಿಂಗಳು ಕಡತಗಳನ್ನು ತುಂಬಿಡುವ ಹಾರ್ಡ್ ಡಿಸ್ಕ್ ಕಳಚಿ, ಅದರ ಜಾಗದಲ್ಲಿ ಎಸ್‌ಎಸ್‌ಡಿ (ಸಾಲಿಡ್ ಸ್ಟೇಟ್ ಡ್ರೈವ್) ಹಾಕಿದೆವು. ಬೇರೆ ಊರಿನವರಿಗೂ ನೆರವಾಗಲಿ ಎಂದು ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯಲು ಕುಳಿತವನು ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ‘ಗಟ್ಟಿ ತಟ್ಟೆಯನ್ನು ತೆಗೆದು ಘನಸ್ಥಿತಿ ಡ್ರೈವ್ ಅಳವಡಿಸಿ’ ಎಂದು ಬರೆದಿದ್ದೆ. ಅದನ್ನು ಓದಿದ ಗ್ರಂಥಪಾಲಕಿ ಕೇಳಿದರು: ‘ಗಟ್ಟಿ ಎಂದರೂ ಘನ ಎಂದರೂ ಒಂದೇ ಅಲ್ಲವೇ? ಗಟ್ಟಿಯದನ್ನು ತೆಗೆದು ಗಟ್ಟಿಯದನ್ನೇ ಹಾಕುವುದೇಕೆ?’

ಅವರ ಪ್ರಶ್ನೆ ನ್ಯಾಯವಾದದ್ದು. ಈ ಎರಡು ಹೆಸರುಗಳು ಹುಟ್ಟಿದ್ದು ಬೇರೆ ಬೇರೆ ಜಗಳಗಳಲ್ಲಿ. ಹಾರ್ಡ್ ಡಿಸ್ಕಿನ ‘ಹಾರ್ಡ್’ ಹಿಂದೆ ಕಡತ ಒಯ್ಯಲು ಬಳಸುತ್ತಿದ್ದ ಫ್ಲಾಪಿಗೆ ಎದುರು ನಿಂತ ಮಾತು. ಫ್ಲಾಪಿಯೊಳಗೆ ಬಳುಕುವ ಪ್ಲಾಸ್ಟಿಕ್ ಹಾಳೆ. ಇದರೊಳಗೆ ಬಳುಕದ ಅಲ್ಯೂಮಿನಿಯಂ ಅಥವಾ ಗಾಜಿನ ಬಿಲ್ಲೆ. ‘ಸಾಲಿಡ್ ಸ್ಟೇಟ್’ ಎನ್ನುವಾಗ ಎದುರಾಳಿ ಮೆದುವಾದದ್ದೂ ಅಲ್ಲ, ದ್ರವವೂ ಅಲ್ಲ, ನಿರ್ವಾತ. ಹಳೆಯ ವಾಲ್ವ್ ರೇಡಿಯೋದಲ್ಲಿ ಎಲೆಕ್ಟ್ರಾನುಗಳು ಗಾಜಿನ ಬುರುಡೆಯೊಳಗಿನ ಬರಿದಾದ ಜಾಗವನ್ನು ದಾಟಬೇಕಿತ್ತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಅದೇ ಕೆಲಸ ಅರೆವಾಹಕದ ತುಂಡಿನೊಳಗೇ, ಘನವಸ್ತುವಿನೊಳಗೇ ನಡೆಯತೊಡಗಿತು.

ನನ್ನ ಅಜ್ಜನ ಮನೆಯಲ್ಲಿ ವಾಲ್ವ್ ರೇಡಿಯೋ ಇತ್ತು. ಕಿವಿ ತಿರುಗಿಸಿದ ಕೂಡಲೇ ಅದು ಮಾತನಾಡುತ್ತಿರಲಿಲ್ಲ. ಹಿಂಬದಿಯ ರಂಧ್ರಗಳಲ್ಲಿ ಕಿತ್ತಳೆ ಬಣ್ಣದ ಬೆಳಕು ಮೂಡಿ, ತಂತಿ ಕಾದು, ಆಮೇಲೆ ಗುಂಯ್‌ಗುಡುತ್ತ ದನಿ ಏಳುತ್ತಿತ್ತು. ‘ಕಾಯಲಿ, ತಡೆ’ ಎನ್ನುತ್ತಿದ್ದರು ಅಜ್ಜ. ಕನ್ನಡದಲ್ಲಿ ಬಿಸಿಯಾಗುವುದೂ ಕಾಯುವುದೇ, ದಾರಿ ನೋಡುವುದೂ ಕಾಯುವುದೇ. ಅದು ಕಾಯುವವರೆಗೆ ನಾವು ಕಾಯುತ್ತಿದ್ದೆವು. ಟ್ರಾನ್ಸಿಸ್ಟರ್ ಬಂದ ದಿನ ಆ ಕಾಯುವಿಕೆ ಎರಡೂ ಅರ್ಥದಲ್ಲಿ ಮುಗಿಯಿತು.

ಹಾರ್ಡ್ ಡಿಸ್ಕಿನಲ್ಲಿ ಕಾಯಿಸುವುದು ಶಾಖವಲ್ಲ, ಸುತ್ತು. ಹಳೆಯ ಲ್ಯಾಪ್‌ಟಾಪಿನ ಎಡಬದಿಯಲ್ಲಿ ಅಂಗೈ ಇಟ್ಟರೆ ಸಣ್ಣ ನಡುಕ ತಿಳಿಯುತ್ತಿತ್ತು, ಕಿವಿಯಿಟ್ಟರೆ ಕಟಕಟ ಸದ್ದು. ಬಿಲ್ಲೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಜಾಗ ಸೂಜಿಯಂಥ ತಲೆಯ ಕೆಳಗೆ ಬರುವವರೆಗೆ ಗಣಕ ಸುಮ್ಮನಿರಬೇಕು. ಶುರುವಿನಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಕಡತಗಳನ್ನು ಆಯಬೇಕಾದ್ದರಿಂದ ಈ ಚೂರುಪಾರು ಹೊತ್ತೇ ಗುಡ್ಡೆಯಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಫ್ಲಾಶ್ ಚಿಪ್ಪಿನ ಯಾವ ಮೂಲೆಯಾದರೂ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಕೈಗೆ ಸಿಗುತ್ತದೆ. ನಮ್ಮ ಮೊದಲ ಲ್ಯಾಪ್‌ಟಾಪ್ 1 ನಿಮಿಷ 50 ಸೆಕೆಂಡಿನಿಂದ 19 ಸೆಕೆಂಡಿಗೆ ಇಳಿಯಿತು. ನಾಲ್ಕು ತಿರುಪು ಬಿಚ್ಚಿ ಹಳೆಯದನ್ನು ಎಳೆದು ಒಂದು ಕೈಯಲ್ಲಿ, ಹೊಸದನ್ನು ಇನ್ನೊಂದು ಕೈಯಲ್ಲಿ ಹಿಡಿದಾಗ ಹೊಸದರ ಪೆಟ್ಟಿಗೆ ಖಾಲಿಯೇನೋ ಎನಿಸುವಷ್ಟು ಹಗುರ. ಇಂಥ ಹಗುರ ವಸ್ತುವಿಗೆ ‘ಘನ’ ಎಂಬ ಹೆಸರು!

ಆದರೂ ನನಗೆ ‘ಘನಸ್ಥಿತಿ’ಯನ್ನು ಬಿಡಲು ಮನಸ್ಸಿಲ್ಲ. ಭೌತವಿಜ್ಞಾನದ ಕನ್ನಡ ಬರಹಗಳಲ್ಲಿ ಅದು ನೆಲೆಯೂರಿದ ಪದ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸಂಗೀತದಲ್ಲಿ ಸಿಕ್ಕಿತು. ತತ, ಸುಷಿರ, ಅವನದ್ಧ, ಘನ ಎಂದು ವಾದ್ಯಗಳನ್ನು ನಾಲ್ಕಾಗಿ ವಿಂಗಡಿಸಿದವರು ತಾಳ, ಘಟಗಳನ್ನು ಘನವಾದ್ಯ ಎಂದರು. ಅಲ್ಲಿ ಮಿಡಿಯಲು ತಂತಿಯಿಲ್ಲ, ಊದಲು ಕೊಳವೆಯಿಲ್ಲ, ಬಡಿಯಲು ಬಿಗಿದ ಚರ್ಮವಿಲ್ಲ. ವಸ್ತುವಿನ ಮೈಯೇ ನುಡಿಯುತ್ತದೆ. ಎಸ್‌ಎಸ್‌ಡಿಯ ‘ಘನ’ವೂ ಹೀಗೆಯೇ, ವಸ್ತುವಿನ ಮೈಯೊಳಗೇ ಕೆಲಸ ಮುಗಿಯುತ್ತದೆ. ಗ್ರಂಥಪಾಲಕಿಗೆ ಇದನ್ನು ಹೇಳಿದಾಗ ಒಪ್ಪಿದರು. ಒಂದು ತೊಡಕು ಮಾತ್ರ ಉಳಿದಿದೆ: ಕಾವ್ಯದಲ್ಲಿ ‘ಘನ’ ಎಂದರೆ ಮೋಡವೂ ಹೌದು, ಘನಶ್ಯಾಮನಲ್ಲಿ ಇರುವುದು ಅದೇ. ಕಡತಗಳನ್ನು ‘ಕ್ಲೌಡ್’ನಲ್ಲಿ ಇಡುವ ಈ ಕಾಲದಲ್ಲಿ ಓದುಗರು ದಾರಿ ತಪ್ಪಿಯಾರೇ?

‘ಡ್ರೈವ್’ ಪದಕ್ಕೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಬಿಲ್ಲೆಯನ್ನು ತಿರುಗಿಸುವ ಯಂತ್ರಕ್ಕೆ ಆ ಹೆಸರು ಒಪ್ಪುತ್ತಿತ್ತು, ಇಲ್ಲಿ ತಿರುಗಿಸಲು ಏನಿದೆ? ‘ಸ್ಮೃತಿ’ ಎಂದರೆ ಗಣಕದ ತಾತ್ಕಾಲಿಕ ನೆನಪಾದ ರ್‍ಯಾಮ್ ಜೊತೆ ಗೊಂದಲ. ‘ಕಣಜ’ ನನಗೆ ಹಿಡಿಸಿದೆ: ತುಂಬಿಡುವುದು, ಬೇಕಾದಾಗ ತೆಗೆಯುವುದು. ಹಳೆಯದರಲ್ಲಿದ್ದುದನ್ನು ಇದ್ದಂತೆಯೇ ಹೊಸದಕ್ಕೆ ಇಳಿಸುವ ‘ಕ್ಲೋನ್’ಗೆ ‘ಪಡಿಯಚ್ಚು ತೆಗೆ’ ಎಂದು ಬರೆದೆ. ಯಾರೂ ತಕರಾರು ಮಾಡಲಿಲ್ಲ.

ನಿಜವಾದ ಕಷ್ಟ ‘ಬೂಟ್’ನದು. ಗುಂಡಿ ಒತ್ತಿದ ಮೇಲೆ ಗಣಕ ತನ್ನನ್ನು ತಾನೇ ಶುರುಮಾಡಿಕೊಂಡು ಕೆಲಸಕ್ಕೆ ಸಿದ್ಧವಾಗುವುದಕ್ಕೆ ಹಾಗೆನ್ನುತ್ತಾರೆ. ಬೂಟಿನ ಹಿಂಬದಿಯ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಾಧ್ಯದ ಚಿತ್ರದಿಂದ ಆ ಇಂಗ್ಲಿಷ್ ಪದ ಬಂದಿದೆ. ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರ ಎಂಬ ದೃಷ್ಟಾಂತ ನಮ್ಮ ಶಾಸ್ತ್ರಗ್ರಂಥಗಳಲ್ಲೂ ಇದೆ. ಆದರೆ ಅದರಿಂದ ಕ್ರಿಯಾಪದ ಹುಟ್ಟುವುದಿಲ್ಲ. ಜನ ‘ಓಪನ್ ಆಗುತ್ತದೆ’, ‘ಆನ್ ಆಗುತ್ತದೆ’ ಎನ್ನುತ್ತಾರೆ. ‘ಏಳುತ್ತದೆ’, ‘ಎಚ್ಚರಗೊಳ್ಳುತ್ತದೆ’ ಎಂದರೆ ಮಲಗಿಸಿದ್ದ ಲ್ಯಾಪ್‌ಟಾಪ್ ಕಣ್ಣು ಬಿಟ್ಟಂತೆ. ಅದು ಬೇರೆ ಸಂಗತಿ. ಬಂಡಿ ಹೂಡುವಂತೆ ‘ಹೂಡು’ ಎನ್ನೋಣವೆಂದರೆ ‘ಹೂಡಿಕೆ’ಯನ್ನು ಬ್ಯಾಂಕಿನವರು ಒಯ್ದಿದ್ದಾರೆ.

ಸದ್ಯಕ್ಕೆ ‘ಅಣಿಗೊಳ್ಳು’ ಎಂದು ಬರೆದಿದ್ದೇನೆ. ಗುಂಡಿ ಒತ್ತುವುದಕ್ಕೂ ಕೆಲಸಕ್ಕೆ ಸಿಗುವುದಕ್ಕೂ ನಡುವಿನ ಹೊತ್ತು ಅದರಲ್ಲಿ ಕೇಳಿಸುತ್ತದೆ. ‘ಲ್ಯಾಪ್‌ಟಾಪ್ 19 ಸೆಕೆಂಡಿನಲ್ಲಿ ಅಣಿಗೊಳ್ಳುತ್ತದೆ’ ಸರಾಗವಾಗಿದೆ, ಬೂಟ್ ಮಾಡುವ ಪೆನ್‌ಡ್ರೈವ್ ‘ಅಣಿಗೊಳಿಸುವ ಪೆನ್‌ಡ್ರೈವ್’ ಆಗಬಲ್ಲದು. ‘ರೀಬೂಟ್’ಗೆ ಬಂದಾಗ ‘ಮರುಅಣಿ’ ನಾಲಿಗೆಗೆ ಒಗ್ಗುತ್ತಿಲ್ಲ. ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆ ಇದ್ದರೆ ತಿಳಿಸಬೇಕು. ವಾಲ್ವ್ ರೇಡಿಯೋ ಕಂಡ ಹಿರಿಯರನ್ನು ಇನ್ನೊಂದು ಮಾತು ಕೇಳಬೇಕಿದೆ: ದನಿ ಹೊರಡುವ ಆ ಗಳಿಗೆಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು? ‘ಕಾಯಿತು’ ಎಂದೇ, ‘ಬಂತು’ ಎಂದೇ, ‘ಹಿಡಿಯಿತು’ ಎಂದೇ?