‘ಅಸೈಲಮ್’ ಎಂಬುದಕ್ಕೆ ‘ಹುಚ್ಚಾಸ್ಪತ್ರೆ’ ಸಾಕೇ?

ವಸಾಹತು ಕಾಲದ ಆಫ್ರಿಕಾದಲ್ಲಿ ಮನೋರೋಗಿಗಳನ್ನು ಇರಿಸುತ್ತಿದ್ದ ಸಂಸ್ಥೆಗಳ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ; ‘ಲೂನಟಿಕ್ ಅಸೈಲಮ್’ ಎಂಬಲ್ಲಿಗೆ ಬಂದು ಲೇಖನಿ ನಿಂತಿದೆ. ರೂಢಿಯಲ್ಲಿರುವುದು ‘ಹುಚ್ಚಾಸ್ಪತ್ರೆ’. ಹೊಸೂರು ರಸ್ತೆಯ ಬಸ್ಸಿನಲ್ಲಿ ನಿಮ್ಹಾನ್ಸ್ ಹತ್ತಿರವಾದಾಗ ಹಿರಿಯರು ‘ಹುಚ್ಚಾಸ್ಪತ್ರೆ ಬಂತು, ಇಳೀರಿ’ ಎನ್ನುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಆದರೆ ಈ ಪದದೊಳಗೆ ಆಸ್ಪತ್ರೆ ಆಗಲೇ ಬಂದು ಕುಳಿತಿದೆ. ನನ್ನ ತೊಡಕು ಅದೇ.

ಇಂದಿನ ಮಲಾವಿಯ ಜೊಂಬಾದಲ್ಲಿ 1910ರಲ್ಲಿ ತೆರೆದ ಅಸೈಲಮ್ ಅಲ್ಲಿನ ಸೆಂಟ್ರಲ್ ಜೈಲಿಗೆ ಅಂಟಿಕೊಂಡಿತ್ತು. ಇಂದಿನ ಘಾನಾದ ಅಕ್ರಾದಲ್ಲಿ 1888ರಲ್ಲಿ ಹಳೆಯ ನ್ಯಾಯಾಲಯದ ಕಟ್ಟಡವನ್ನೇ ಅಸೈಲಮ್ ಮಾಡಿದರು. ಬೀದಿಯಲ್ಲಿ ಅಲೆಯುವವರನ್ನು, ಊರಿಗೆ ಅಪಾಯವೆನಿಸಿದವರನ್ನು ಹಿಡಿದು ಕೂಡಿಹಾಕುವುದು ಇಂಥ ಕಡೆ ಮೊದಲ ಕೆಲಸವಾಗಿತ್ತು, ಚಿಕಿತ್ಸೆ ಆಮೇಲಿನ ಮಾತು. ಬೀಡಾಡಿ ದನ ಕೂಡುವ ನಮ್ಮ ‘ದೊಡ್ಡಿ’ ಅರ್ಥಕ್ಕೆ ಹೆಚ್ಚು ಹತ್ತಿರವೆಂದು ಒಮ್ಮೆ ಅನ್ನಿಸಿತು. ಮನುಷ್ಯರಿಗೆ ಆ ಪದ ಬಳಸಲು ಮನಸ್ಸು ಒಪ್ಪಲಿಲ್ಲ. ‘ಹುಚ್ಚರ ಬಂದೀಖಾನೆ’ ಎಂದರೆ ತೀರ್ಪು ಅನುವಾದಕನದಾಗುತ್ತದೆ. ‘ಆಶ್ರಯಧಾಮ’ ಇಂಗ್ಲಿಷ್ ಪದದ ಮೂಲಾರ್ಥಕ್ಕೆ ನಿಷ್ಠವಾದರೂ ಸಂಗತಿಗೆ ದ್ರೋಹ.

‘ಮಾನಸಿಕ ಆಸ್ಪತ್ರೆ’ ಎಂದು ಎಲ್ಲೆಡೆ ಬರೆದುಬಿಡಬಹುದಿತ್ತು. ಆದರೆ ಕೀನ್ಯಾದ ನೈರೋಬಿಯ ಲೂನಟಿಕ್ ಅಸೈಲಮ್ 1924ರಲ್ಲಿ ‘ಮಥಾರಿ ಮೆಂಟಲ್ ಹಾಸ್ಪಿಟಲ್’ ಆಯಿತು. ಮರುವರ್ಷವೇ, 1925ರಲ್ಲಿ, ಬೆಂಗಳೂರಿನ ಅಸೈಲಮ್ಮಿಗೂ ‘ಮೆಂಟಲ್ ಹಾಸ್ಪಿಟಲ್’ ಎಂಬ ಹೆಸರು ಬಂತು. ‘ಅಸೈಲಮ್’, ‘ಮೆಂಟಲ್ ಹಾಸ್ಪಿಟಲ್’ ಎರಡಕ್ಕೂ ಒಂದೇ ಕನ್ನಡ ಪದವಿಟ್ಟರೆ ಈ ಹೆಸರಿನ ಬದಲಾವಣೆ ವಾಕ್ಯದಲ್ಲೇ ಅಳಿಸಿಹೋಗುತ್ತದೆ. ಹೆಸರಿನೊಡನೆ ದೃಷ್ಟಿಯೂ ಬದಲಾಯಿತೆಂದು ಇದರರ್ಥವಲ್ಲ: 1938ರಿಂದ ಮಥಾರಿಯ ಹೊಣೆ ಹೊತ್ತಿದ್ದ ವೈದ್ಯ ಜೆ. ಸಿ. ಕ್ಯಾರೊದರ್ಸ್, ಆಫ್ರಿಕನ್ನರು ಮಿದುಳಿನ ಮುಂಭಾಗವನ್ನು ಸಾಕಷ್ಟು ಬಳಸುವುದಿಲ್ಲವೆಂದು 1950ರ ದಶಕದಲ್ಲೂ ವಾದಿಸುತ್ತಿದ್ದ.

ಅಸೈಲಮ್ಮಿನ ಒಳಗಿದ್ದವರನ್ನು ಕರೆಯುವ ‘ಇನ್‌ಮೇಟ್’ ಎಂಬುದರದೂ ಇದೇ ಪಾಡು. ಜೊಂಬಾದವನನ್ನು ‘ರೋಗಿ’ ಎಂದರೆ ಸುಳ್ಳಿನ ವಾಸನೆ, ‘ಖೈದಿ’ ಎಂದರೆ ಅಪರಾಧಿಯೆಂಬ ಧ್ವನಿ, ‘ನಿವಾಸಿ’ ಎಂದರೆ ಬಾಡಿಗೆದಾರನ ನೆನಪು. ‘ಇರಿಸಲ್ಪಟ್ಟವರು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಕಚೇರಿಯ ಕಡತದ ಭಾಷೆ, ಕಿವಿಗೆ ಹಿತವಿಲ್ಲ.

ಲೇಖನದ ಕೊನೆಗೆ ನೈಜೀರಿಯಾದ ಆರೋ ಎಂಬಲ್ಲಿನ ಆಸ್ಪತ್ರೆ ಬರುತ್ತದೆ. 1954ರಿಂದ ಅಲ್ಲಿ ವೈದ್ಯ ಥಾಮಸ್ ಅಡೆಯೊಯೆ ಲ್ಯಾಂಬೊ ರೋಗಿಗಳನ್ನು ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ, ಜೊತೆಗೊಬ್ಬ ಬಂಧುವಿನೊಡನೆ, ಉಳಿಸಿ ಚಿಕಿತ್ಸೆ ನೀಡಿದ. ‘ರೋಗಿ’, ‘ಆಸ್ಪತ್ರೆ’ ಎರಡನ್ನೂ ಆ ಪುಟಕ್ಕಾಗಿ ಮೀಸಲಿಡಬೇಕೆಂಬುದು ನನ್ನ ಆಸೆ. ಹಾಗಾದರೆ ಅದಕ್ಕೂ ಹಿಂದಿನ ಪುಟಗಳಲ್ಲಿ ‘ಅಸೈಲಮ್’ ಎಂದೇ ಉಳಿಸಿಕೊಳ್ಳಲೇ, ಅಥವಾ ಆಸ್ಪತ್ರೆಯ ಸೋಂಕಿಲ್ಲದ ಹಳೆಯ ಪದವೊಂದು ನಿಮ್ಮ ಕಡೆಯ ಮಾತಿನಲ್ಲೋ ಮೈಸೂರು ಸಂಸ್ಥಾನದ ಕಾಗದಪತ್ರಗಳಲ್ಲೋ ಕಣ್ಣಿಗೆ ಬಿದ್ದಿದೆಯೇ?