ಕೇರಿಯ ಸಾಮೂಹಿಕ ಬಾವಿಯ ನೀರು ಕುಡಿಯಲು ಯೋಗ್ಯವೇ? ಅನುಭವಸ್ಥರ ಸಲಹೆ ಬೇಕು

ಅಂಕೋಲಾ ಕಡೆಯಿಂದ ಪ್ರಶ್ನೆ:
ನಮ್ಮ ಕೇರಿಯ ನಲವತ್ತು ಮನೆಗಳಿಗೆ ಒಂದೇ ತೆರೆದ ಬಾವಿಯಿಂದ 20,000 ಲೀಟರಿನ ಟ್ಯಾಂಕಿಗೆ ನೀರು ಏರಿಸಿ, ಬೆಳಿಗ್ಗೆ ಮತ್ತು ಸಂಜೆ ನಲ್ಲಿಗೆ ಬಿಡುತ್ತೇವೆ. ಮೊದಲ ಮಳೆ ಬಿದ್ದೊಡನೆ ನೀರು ಕೆಂಪಾಗುತ್ತದೆ. ಕಳೆದ ಜೂನಿನಲ್ಲಿ ಹಲವು ಮನೆಗಳ ಮಕ್ಕಳಿಗೆ ವಾಂತಿ-ಭೇದಿಯಾಯಿತು. ಟಿಡಿಎಸ್ ಮೀಟರಿನಲ್ಲಿ 70 ಬರುವುದರಿಂದ ನೀರಿಗೇನೂ ದೋಷವಿಲ್ಲ ಎಂದು ಕೆಲವರು, ಬ್ಲೀಚಿಂಗ್ ಪೌಡರ್ ಹಾಕಿದರೆ ವಾಸನೆ ಎಂದು ಇನ್ನು ಕೆಲವರು ಹೇಳುತ್ತಾರೆ. ಸಮಿತಿಯ ಹೊಣೆ ಈಗ ನನ್ನ ಮೇಲಿದೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕುಮಟಾದಿಂದ, ನೀರು ಪರೀಕ್ಷೆಯ ಕೆಲಸ ಮಾಡಿದವರು:
ಮೊದಲು ಆ ಮೀಟರನ್ನು ಪಕ್ಕಕ್ಕಿಡಿ. ಅದು ಕರಗಿದ ಲವಣಗಳ ಪ್ರಮಾಣವನ್ನು ಅಂದಾಜಿಸುತ್ತದೆಯೇ ಹೊರತು ರೋಗಾಣುವಿನ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ನಮ್ಮ ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಲವಣ ಸಹಜವಾಗಿಯೇ ಕಡಿಮೆಯಿರುವುದರಿಂದ, ಶೌಚಗುಂಡಿಯ ನೀರು ಒಸರಿ ಬರುವ ಬಾವಿಯೂ ಮೀಟರಿನಲ್ಲಿ ಒಳ್ಳೆಯದಾಗಿಯೇ ಕಾಣಬಹುದು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ 100 ಮಿಲಿಲೀಟರ್ ಮಾದರಿಯಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪತ್ತೆಯಾಗಲೇಬಾರದು. ಅದನ್ನು ಪ್ರಯೋಗಾಲಯವೇ ಹೇಳಬೇಕು. ಜಲ ಜೀವನ್ ಮಿಷನ್ ಮಾರ್ಗಸೂಚಿಯಂತೆ ಜಲಮೂಲಕ್ಕೆ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆಯೂ, ಮಳೆಗಾಲದ ಮೊದಲು ಮತ್ತು ನಂತರ ಎಂದು ಎರಡು ಬಾರಿ ಸೂಕ್ಷ್ಮಜೀವಿ ಪರೀಕ್ಷೆಯೂ ಆಗಬೇಕು. ತಮ್ಮದು ಪಂಚಾಯತದ ಯೋಜನೆಯಲ್ಲದಿದ್ದರೂ ಇದೇ ಕ್ರಮವನ್ನು ಇಟ್ಟುಕೊಳ್ಳಿ. ಮಾದರಿಯನ್ನು ಪ್ರಯೋಗಾಲಯದವರೇ ಕೊಡುವ ನಿರ್ಜೀವೀಕರಿಸಿದ ಬಾಟಲಿಯಲ್ಲಿ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ತೊಳೆದ ಮಿನರಲ್ ವಾಟರ್ ಬಾಟಲಿಯಲ್ಲಿ ತಂದ ನೀರಿನ ವರದಿಗೆ ಬೆಲೆಯಿಲ್ಲ.

ಬ್ಲೀಚಿಂಗ್ ವಿಷಯ. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಎಂಬ ಲೆಕ್ಕದಿಂದ ಆರಂಭಿಸಬಹುದು. ತಮ್ಮ ತುಂಬಿದ ಟ್ಯಾಂಕಿಗೆ ಅದು 50 ಗ್ರಾಂ ಆಗುತ್ತದೆ. ಬಾವಿಗೇ ಹಾಕುವುದಾದರೆ ಮುಷ್ಟಿಯ ಅಂದಾಜು ಕೆಲಸಕ್ಕೆ ಬಾರದು. ಮೂರು ಮೀಟರ್ ವ್ಯಾಸದ ಬಾವಿಯಲ್ಲಿ ಮೇ ತಿಂಗಳಲ್ಲಿ ಎರಡು ಮೀಟರ್ ನೀರಿದ್ದರೆ ಅದು 14,000 ಲೀಟರ್. ಜುಲೈಯಲ್ಲಿ ನೀರು ಐದು ಮೀಟರಿಗೆ ಏರಿದಾಗ ಅದೇ ಬಾವಿಯಲ್ಲಿ 35,000 ಲೀಟರ್ ಇರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಡಿಯನ್ನು ಮೊದಲು ಹಿಟ್ಟಿನಂತೆ ಕಲಸಿ, ನೀರು ಬೆರೆಸಿ, ಐದು-ಹತ್ತು ನಿಮಿಷ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಕಬೇಕು; ತಳದ ಸುಣ್ಣವನ್ನು ಚೆಲ್ಲಬೇಕು. ಆಮೇಲೆ ಕನಿಷ್ಠ ಅರ್ಧ ಗಂಟೆ ಕಳೆಯದೆ ವಾಲ್ವ್ ತೆರೆಯಬಾರದು. ಕರಾವಳಿಯ ಮಳೆಗಾಲದ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲದ ಪುಡಿ ಬೇಗ ಸತ್ವ ಕಳೆದುಕೊಳ್ಳುವುದರಿಂದ ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ. ಗಂಟುಗಟ್ಟಿದ, ಘಾಟು ಹೋದ ಪುಡಿಯನ್ನು ಯಾವ ಲೆಕ್ಕದಲ್ಲಿ ಹಾಕಿದರೂ ಅದು ಸಮಾಧಾನಕ್ಕೆ ಮಾತ್ರ.

ಲೆಕ್ಕ ಸರಿಯಾಯಿತೇ ಎಂಬುದನ್ನು ಟ್ಯಾಂಕಿನ ಬಳಿ ನೋಡಿದರೆ ಸಾಲದು. ಕೊನೆಯ ಮನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ (ಖರ್ಚಾಗದೆ ನೀರಿನಲ್ಲಿ ಉಳಿದಿರುವುದು) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕ್ಲೋರಿನ್ ಪತ್ತೆಮಾಡುವ ಡಿಪಿಡಿ ಮಾತ್ರೆ ಹಾಕಿದಾಗ ನೀರು ನಸುಗುಲಾಬಿಯಾಗುತ್ತದೆ. ಆ ಬಣ್ಣವನ್ನು ಪೆಟ್ಟಿಗೆಯ ಪಟ್ಟಿಯೊಂದಿಗೆ ಹೋಲಿಸಿ ನೋಡುವ ಕೆಲಸವನ್ನು ಕೇರಿಯ ಯಾರೂ ಕಲಿಯಬಹುದು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಜಲ ಜೀವನ್ ಮಿಷನ್‌ನಲ್ಲಿದೆ. ತಮ್ಮ ಪಂಚಾಯತದಲ್ಲಿ ತರಬೇತಾದವರು ಯಾರೆಂದು ವಿಚಾರಿಸಿ. ವಾಸನೆಯ ದೂರು ಹೇಳುವವರಿಗೆ, ಹಿಡಿದ ನೀರನ್ನು ಮುಚ್ಚಳವಿರುವ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟು ಕುಡಿಯಲು ಹೇಳಿ.

ಶಿರಸಿಯಿಂದ, ಅಬ್ಬಿ ನೀರು ಬಳಸುವವರು:
ನಮ್ಮಲ್ಲಿ ಬೆಟ್ಟದ ಒರತೆಯಿಂದ ಕಪ್ಪು ಪೈಪಿನಲ್ಲಿ ತಾನಾಗಿಯೇ ಇಳಿದು ಬರುವ ನೀರು ಏಳು ಮನೆಗಳಿಗೆ ಹೋಗುತ್ತದೆ. ಕಾಡಿನ ನೀರು ಶುದ್ಧ ಎಂಬ ನಂಬಿಕೆ ಗಟ್ಟಿಯಾಗಿತ್ತು. ಆದರೆ ಒರತೆಯ ಗುಂಡಿಗೆ ದನ ಇಳಿಯುತ್ತಿತ್ತು, ಎಲೆ ಕೊಳೆಯುತ್ತಿತ್ತು. ಗುಂಡಿಗೆ ಕಲ್ಲು ಕಟ್ಟಿಸಿ ಸ್ಲ್ಯಾಬ್ ಮುಚ್ಚಿ, ಮೇಲ್ಭಾಗದಲ್ಲಿ ಮಳೆನೀರು ತಿರುಗಿ ಹೋಗುವಂತೆ ಅಗಳು ತೆಗೆದ ಮೇಲೆ ಕೆಂಪು ನೀರು ಬಹುತೇಕ ನಿಂತಿತು. ಕುಮಟಾದವರು ಪುಡಿಯಿಂದ ಆರಂಭಿಸಿದ್ದಾರೆ; ನಾನಾದರೆ ಬಾವಿಕಟ್ಟೆಯಿಂದ ಆರಂಭಿಸುತ್ತೇನೆ. ಕಲಕು ನೀರಿನಲ್ಲಿ ಕ್ಲೋರಿನ್ನಿನ ಬಹುಪಾಲು ಆ ಕಲಕಿಗೇ ಖರ್ಚಾಗುತ್ತದೆ. ಇನ್ನೊಂದು ಮಾತು: ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವ ದಿನಗಳಲ್ಲಿ ಮೈಲುತುತ್ತ ಕಲಸುವ ಡ್ರಮ್ಮನ್ನು ಜಲಮೂಲದಿಂದ ದೂರವಿಡಬೇಕು. ಆ ಡ್ರಮ್ಮಿಗೆ ನೀರು ತುಂಬುವ ಪೈಪಿನ ತುದಿ ದ್ರಾವಣದಲ್ಲಿ ಮುಳುಗಿರಬಾರದು.

ಕಾರವಾರದ ಕಾಳಿ ದಂಡೆಯಿಂದ:
ನದಿಯ ಅಳಿವೆಗೆ ಹತ್ತಿರವಿದ್ದರೆ ಏಪ್ರಿಲ್-ಮೇನಲ್ಲಿ ಕ್ಲೋರೈಡ್ (ಉಪ್ಪಿನ ಅಂಶ) ಸಹ ಪರೀಕ್ಷಿಸಿ. ಲೀಟರಿಗೆ 250 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1,000 ದವರೆಗೆ. ಉಪ್ಪು ಕುದಿಸಿದರೂ ಹೋಗದು, ಬ್ಲೀಚಿಂಗಿಗೂ ಹೋಗದು. ಒಮ್ಮೆಗೇ ಬಾವಿಯ ತಳ ಕಾಣುವವರೆಗೆ ಎಳೆಯದೆ, ಬಿಟ್ಟು ಬಿಟ್ಟು ಪಂಪ್ ಮಾಡಿದರೆ ಉಪ್ಪು ಮೇಲೇರುವುದು ಕಡಿಮೆ. ಟಿಡಿಎಸ್ ಮೀಟರು ಉಪಯೋಗಕ್ಕೆ ಬರುವುದು ಇಂಥಲ್ಲೇ.

ಅಂಕೋಲಾ ಕಡೆಯಿಂದ ಮತ್ತೆ:
ಎಲ್ಲರಿಗೂ ಧನ್ಯವಾದಗಳು. ಕಿಟ್ ಸಿಕ್ಕಿತು. ಟ್ಯಾಂಕಿನ ಬಳಿ 0.5 ಇದೆ, ಕೊನೆಯ ಸಾಲಿನ ಮನೆಗಳಲ್ಲಿ ಬಣ್ಣವೇ ಬರುತ್ತಿಲ್ಲ. ಪುಡಿ ಹೆಚ್ಚಿಸಬೇಕೇ?

ಕುಮಟಾದಿಂದ:
ಈಗಲೇ ಬೇಡ. ನಡುವಿನ ಮನೆಗಳ ನಲ್ಲಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋಗಿ. ಬಣ್ಣ ತಟ್ಟನೆ ಮಾಯವಾಗುವ ಎರಡು ಮನೆಗಳ ನಡುವೆ ಪೈಪು ಚರಂಡಿಯ ಮೂಲಕವೋ ಪಕ್ಕದಲ್ಲೋ ಹಾದಿದೆಯೇ ನೋಡಿ. ಹೊತ್ತಿಗೆ ಮಾತ್ರ ನೀರು ಬಿಡುವ ಕಡೆ, ವಾಲ್ವ್ ಮುಚ್ಚಿದ ಮೇಲೆ ಪೈಪಿನೊಳಗೆ ಒತ್ತಡವಿರದ ಕಾರಣ ಸೋರುವ ಜೋಡಣೆಯಿಂದಲೇ ಹೊರಗಿನ ಕೊಳೆನೀರು ಒಳಗೆ ಬರುತ್ತದೆ. ಸೋರಿಕೆ ಸಿಕ್ಕರೆ ರಿಪೇರಿ ಮಾಡಿಸಿ, ಕೊನೆಯ ನಲ್ಲಿ ತೆರೆದು ಲೈನನ್ನು ತೊಳೆದು, ಮತ್ತೆ ಕ್ಲೋರಿನ್ ನೋಡಿ, ಆ ನಲ್ಲಿಯದೇ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ. ಸೋರಿಕೆ ಎಲ್ಲೂ ಕಾಣದೆ ಬಣ್ಣ ಸ್ವಲ್ಪ ಸ್ವಲ್ಪವೇ ತಗ್ಗುತ್ತಾ ಹೋಗಿದ್ದರೆ ಮಾತ್ರ ಪುಡಿಯನ್ನು ತುಸು ಏರಿಸಬಹುದು. ವರದಿ ಬರುವವರೆಗೆ ಆ ಸಾಲಿನವರು ನೀರನ್ನು ಕೊತಕೊತ ಕುದಿಸಿಯೇ ಕುಡಿಯಬೇಕೆಂದು ಮನೆಮನೆಗೆ ಹೋಗಿ ತಿಳಿಸಿ; ದಿನಾಂಕ, ನಲ್ಲಿ, ಕ್ಲೋರಿನ್ ಪ್ರಮಾಣ, ಹಾಕಿದ ಪುಡಿಯ ತೂಕ, ಇವಿಷ್ಟನ್ನು ಒಂದು ವಹಿಯಲ್ಲಿ ಬರೆದಿಡಿ. ನಾಳೆ ಪಂಚಾಯತದವರೋ ಆರೋಗ್ಯ ಇಲಾಖೆಯವರೋ ಬಂದು ಕೇಳಿದಾಗ ಸಮಿತಿಯ ಕೈಯಲ್ಲಿರಬೇಕಾದ ದಾಖಲೆ ಅದು.